ಎಣ್ಣಿ ಹೊಡೆಯದ ಕಾಯಿಪಲ್ಲೆ

ಸಾಣಾಪುರ
21 ಜನವರಿ 2025

ಪ್ರೀತಿಯ ಶಿವಬಸಮ್ಮ,

ನಿನಗೆ ನನ್ನ ಸಲಾಂ, ಭವಾನಿಗೆ ಆಶೀರ್ವಾದ, ನಿನ್ನ ಮೊಮ್ಮಗಳ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಬೆರಗಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಬರೀ "ಹೂಂ" ಹೊರಡುತ್ತದೆ. ಇಷ್ಟೆಲ್ಲ ಆದದ್ದೇ ಆ "ಹೂಂ"ನಿಂದ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲ, ನಾನೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಿನ್ನ ಬೀಗಿತ್ತಿ ಸೊಂಟ ಮುರಿದುಕೊಂಡು ಮಲಗಿದ್ದಕ್ಕೆ ಭವಾನಿ ತವರಿಗೆ ಬರಲಾಗಲಿಲ್ಲ, ಮಗಳ ಬಾಣಂತನ ಮಾಡಲು ನೀನೇ ಕುಷ್ಟಗಿಗೆ ಹೋಗಬೇಕಾಯಿತು. ನಮ್ಮಿಬ್ಬರ ಅರ್ಧ ಎಕರೆ ನನ್ನೊಬ್ಬಳ ಕೈಗೆ ಬಂತು. ಬಸ್ಸು ಹತ್ತುವಾಗ ನೀನು, "ಹೂಕೋಸಿನ ಮ್ಯಾಲ ಕಣ್ಣಿಡವಾ, ಈ ಥಂಡಿಗೆ ಹೇನ ಹತ್ತತಾವ. ಏನರ ತಿಳೀಲಿಲ್ಲಂದ್ರ ಕೇಳ" ಎಂದಿದ್ದೆ. ನಾನು ತಲೆಯಾಡಿಸಿದೆ. ನಿಜ ಹೇಳಲೇ? ಒಳಗೊಳಗೆ ಖುಷಿಯಾಗಿತ್ತು. ಏಳು ವರ್ಷದಿಂದ ಹನುಮನಹಳ್ಳಿ ರಸ್ತೆಯ ನಮ್ಮ ಅಂಗಡಿಗೆ ಬಂದವರೆಲ್ಲ "ಶಿವಬಸಮ್ಮನ ಕೈಗುಣ" ಅನ್ನುವವರೇ. ಸೆಗಣಿ ಹೊತ್ತವಳು ನಾನು, ಕಳೆ ಕಿತ್ತವಳು ನಾನು, ಕೈಗುಣ ಮಾತ್ರ ನಿನ್ನದು! ಈ ಒಂದು ಚಳಿಗಾಲ ನನ್ನ ಕೈಗುಣವನ್ನೂ ಜನ ನೋಡಲಿ ಅಂದುಕೊಂಡೆ. ಇದನ್ನು ಬರೆಯುವಾಗಲೇ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ಡಿಸೆಂಬರ್ ಕೊನೆಗೆ ಹೇನು ಹತ್ತಿತು. ಹೂಕೋಸಿನ ಎಲೆ ಮಗುಚಿದರೆ ಬೂದಿ ಸುರಿದ ಹಾಗಿತ್ತು. ಬೇವಿನ ಎಣ್ಣೆಗೆ ಅಂಟವಾಳದ ನೊರೆ ಕಲಸಿ, ಪಂಪು ಬೆನ್ನಿಗೇರಿಸಿ ಹೊಡೆದೆ. ಒಂದಲ್ಲ, ಮೂರು ಸಲ ಹೊಡೆದೆ. ಹೇನಿಗೆ ಏನೂ ಆಗಲಿಲ್ಲ, ಪಂಪಿನ ಮೂತಿ ಮಾತ್ರ ಕಟ್ಟಿಕೊಂಡಿತು. ಚಳಿಗೆ ಬೇವಿನ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ ಎಂದು ಈಗ ತಿಳಿದಿದೆ. ನೀನು ಶೀಸೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡುತ್ತಿದ್ದುದು ಅದಕ್ಕೇ. ಏಳು ವರ್ಷ ನೋಡಿದ್ದೇನೆ ನಾನು, ಶೀಸೆ ತೊಳೆಯುತ್ತಾಳೆ ಅಂದುಕೊಂಡಿದ್ದೆ! ಒಂದು ಫೋನು ಮಾಡಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಿದರೆ ಕೈಗುಣ ಮತ್ತೆ ನಿನ್ನದೇ ಆಗುತ್ತಿತ್ತಲ್ಲ, ಅದಕ್ಕೆ ಕೇಳಲಿಲ್ಲ.

ಪಕ್ಕದ ಗದ್ದೆಯ ಯಂಕೇಶನ ಹತ್ತಿರ, ಭತ್ತಕ್ಕೆ ಹೊಡೆದು ಉಳಿದ ಕೀಟದ ವಿಷವಿತ್ತು. "ಅಕ್ಕಾ, ಒಂದ ಮುಚ್ಚಳ ಸಾಕ, ಮೂರ ದಿನದಾಗ ಹೇನ ಹೆಸರಿಲ್ಲದಂಗ ಹೋಗ್ತಾವ" ಎಂದು ಶೀಸೆ ಕೊಟ್ಟ. ಅವನದೇನೂ ತಪ್ಪಿಲ್ಲ, ಕೇಳಿದವಳು ನಾನು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಮೂಗಿಗೆ ಸೆರಗು ಕಟ್ಟಿಕೊಂಡು, ಎಂದೂ ವಿಷ ಕಾಣದ ನಮ್ಮ ಪಂಪಿನಿಂದಲೇ ಹೊಡೆದೆ. ಸಾಲಿನ ತುದಿಗೆ ಹೋಗಿ ತಿರುಗುವಷ್ಟರಲ್ಲಿ ಗಾಳಿಯೂ ತಿರುಗಿತು. ಪಕ್ಕದ ಸಬ್ಬಸಗಿ ಮಡಿಯೆಲ್ಲ ತೊಯ್ದುಹೋಯಿತು.

ಅದೇ ಸಂಜೆ ನಿನ್ನ ಫೋನು. "ಹೇನ ಹತ್ಯಾವೇನ? ಎಣ್ಣಿ ಹೊಡದಿಯಿಲ್ಲ?" ಎಂದು ನೀನು ಕೇಳಿದೆ. "ಹೂಂ, ಎಣ್ಣಿ ಹೊಡದೀನಿ" ಎಂದೆ ನಾನು. ನಮ್ಮ ಕಡೆ ಬೇವಿನದ್ದೂ ಎಣ್ಣಿಯೇ, ಅಂಗಡಿಯ ವಿಷವೂ ಎಣ್ಣಿಯೇ. ನಾನು ಒಂದು ಹೇಳಿದೆ, ನಿನಗೆ ಇನ್ನೊಂದು ಕೇಳಿಸಿತು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಎಂಥ ಕಳ್ಳ ಬುದ್ಧಿ ನೋಡು ನನ್ನದು! ನಮ್ಮ ಅಂಗಡಿಯ ಕರಿಹಲಗೆಯ ಮೇಲೆ "ಎಣ್ಣಿ ಹೊಡೆಯದ ಕಾಯಿಪಲ್ಲೆ" ಎಂದು ಸುಣ್ಣದಲ್ಲಿ ಬರೆದವಳು ನೀನು. ಆ ಎಣ್ಣಿ ಯಾವುದೆಂದು ನನಗೆ ಗೊತ್ತಿರಲಿಲ್ಲವೇ?

ಎರಡು ದಿನ ಬಿಟ್ಟು ನೀನು ಮತ್ತೆ ಫೋನು ಮಾಡಿದೆ. "ಭವಾನಿಗೆ ಹಾಲು ಸಾಲವಲ್ದು. ನಮ್ಮ ಹೊಲದ ಸಬ್ಬಸಗಿ ಕಳಸವಾ, ಪ್ಯಾಟ್ಯಾಗಿಂದು ಬಾಣಂತಿಗೆ ಹಾಕಾಕ ನನಗ ಧೈರ್ಯ ಇಲ್ಲ" ಎಂದೆ. ಕುಡಗೋಲು ಹಿಡಿದು ಮಡಿಯ ಮುಂದೆ ಎಷ್ಟು ಹೊತ್ತು ನಿಂತೆನೋ. ಅದನ್ನು ಕೊಯ್ಯಲು ಕೈ ಬರಲಿಲ್ಲ. ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಗಂಗಾವತಿಗೆ ಹೋಗಿ ಮಾರ್ಕೆಟ್ಟಿನಲ್ಲಿ ನಾಲ್ಕು ಕಟ್ಟು ಸಬ್ಬಸಗಿ ಕೊಂಡು ತಂದೆ. ರಬ್ಬರು ಬಿಚ್ಚಿ, ನಾವು ಕಟ್ಟುವ ಹಾಗೆ ಬಾಳೆನಾರಿನಿಂದ ಕಟ್ಟಿ, ಬೇರಿಗೆ ನಮ್ಮ ಹೊಲದ ಮಣ್ಣು ಮೆತ್ತಿ ಕುಷ್ಟಗಿ ಬಸ್ಸಿಗೆ ಹಾಕಿದೆ. ಹೌದು, ಮಣ್ಣನ್ನೂ ಮೆತ್ತಿದೆ. ಆ ಸೊಪ್ಪಿಗೆ ಯಾರು ಏನು ಹೊಡೆದಿದ್ದರೋ ಅಲ್ಲಾಹನಿಗೇ ಗೊತ್ತು. ನನ್ನನ್ನು ಚಿಗವ್ವ ಎಂದು ಕರೆಯುವ ಹುಡುಗಿಗೆ ಅದನ್ನು ಉಣ್ಣಿಸಿದೆ.

ಮರುದಿನ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗಂಟು ಬಿಚ್ಚಿದ ಕೂಡಲೆ ವಾಸನಿಗೇ ಗೊತ್ತಾತವಾ, ನಮ್ಮ ಹೊಲದ್ದಂತ. ಭವಾನಿ ಒಂದ ರೊಟ್ಟಿ ಹೆಚ್ಚಿಗಿ ಉಂಡಳು. ನಿನ್ನ ಕೈಗುಣ ಭಾಳ ಛಲೋ ಐತಿ ಬಿಡು." ಏಳು ವರ್ಷ ನಾನು ಆಸೆಪಟ್ಟ ಮಾತು ಅದು, ಶಿವಿ.

ನಿನ್ನೆ ನೀನು ಇನ್ನಷ್ಟು ಸಬ್ಬಸಗಿ ಕೇಳಿದೆ. "ಹೂಂ" ಅಂದೆ. ಇವತ್ತು ಬಾಳೆನಾರಿನ ಗಂಟು ಬಿಚ್ಚಿದರೆ ಒಳಗೆ ಸೊಪ್ಪಿಲ್ಲ, ಈ ಕಾಗದವಿದೆ. ಹಿಂದಿನದು ಉಳಿದಿದ್ದರೆ ಚೆಲ್ಲಿಬಿಡು. ಕೂಸು ಛಲೋ ಅದಾಳ ಎಂದು ನೀನು ಅಂದರೂ ನನ್ನ ಜೀವ ನಿಲ್ಲುತ್ತಿಲ್ಲ, ಡಾಕ್ಟರಿಗೆ ಒಮ್ಮೆ ತೋರಿಸಿ ನನಗೊಂದು ಮಾತು ತಿಳಿಸು. ಸಬ್ಬಸಗಿ ಮಡಿಯನ್ನು ಕಿತ್ತು ಹಾಕಿದ್ದೇನೆ. ಹೂಕೋಸು ಬೆಳ್ಳಗೆ ತಟ್ಟೆಯಗಲ ಅರಳಿವೆ, ಹೇನಿನ ಸುಳಿವಿಲ್ಲ. ಒಂದನ್ನೂ ಮಾರಿಲ್ಲ. ನೀನು ಬಂದು ಬೈಯಿ, ಹೊಡಿ, ಮಾತು ಮಾತ್ರ ಬಿಡಬೇಡ.

ಮುಖ ತೋರಿಸಲಾಗದ ನಿನ್ನ ಗೆಳತಿ,
ಹಸೀಬಾ

ತಾ.ಕ.: ಒಂದನ್ನೂ ಮಾರಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹತ್ತು ಹೂಕೋಸು ಮಾರಿದ್ದೇನೆ, ನಮ್ಮ ಕಾಯಂ ಗಿರಾಕಿ ಮದಾರಸಾಬ ಚಾಚಾಗೂ ಒಂದು ಕೊಟ್ಟಿದ್ದೇನೆ. ಈ ಕಾಗದದಲ್ಲೂ ಸುಳ್ಳು ಬರೆದೆನಲ್ಲ ಎಂದು ಹೇಸಿಕೆಯಾಗಿ, ಈಗ ಅಂಗಡಿಗೆ ಹೋಗಿ ಒದ್ದೆ ಬಟ್ಟೆಯಿಂದ ಹಲಗೆಯ ಮೇಲಿನ ಒಂದೇ ಅಕ್ಷರ ಒರೆಸಿದೆ, "ಹೊಡೆಯದ" ಎಂಬುದರ ನಡುವಿನ "ಯ". ಚೀಲ ಹಿಡಿದು ಬಂದ ಚಾಚಾ "ಎಣ್ಣಿ ಹೊಡೆದ ಕಾಯಿಪಲ್ಲೆ" ಎಂದು ಓದಿ ನಕ್ಕರು. "ಏನವಾ, ಒಂದ ಅಕ್ಷರ ಉದುರೇತಿ. ಶಿವಬಸಮ್ಮ ನೋಡಿದ್ರ ಬೈತಾಳ, ಬರಿ ಬರಿ" ಎಂದರು. "ಉದುರಿಲ್ರಿ ಚಾಚಾ, ನಾನ ಒರಸೀನಿ" ಎಂದೆ. ಚಾಚಾ ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಹೋದರು. ಆ ಅಕ್ಷರವನ್ನು ಮತ್ತೆ ಬರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಸುಣ್ಣದ ಡಬ್ಬಿ ನೀನಿಟ್ಟಲ್ಲೇ ಇದೆ.