ಬೀಕನ್ ನೀರಿಗೆ ಬಿದ್ದ ಮೇಲೆ

ಜುಲೈ ೮, ೧೯೫೭, ಸೋಮವಾರ. ಸಂಜೆ

‘ಬೆಳಕಿಗೆ ಬೆನ್ನು ಕೊಟ್ಟವನ ಮುಂದೆ ಅವನ ನೆರಳೇ ನಡೆಯುವುದು…’ ಹೀಗೇ ಇತ್ತೆ? ಎಲ್ಲಿ ಓದಿದ್ದು? ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಇದೊಂದೇ ಸಾಲು. ಮುಂದಿನದು ನೆನಪಾಗಲಿಲ್ಲ. ಚೆನ್ನಾಗಿದೆ, ಸರಿ. ನಿಜವೇ? ಬೆಳಕಿಗೆ ಮುಖ ಮಾಡಿದವನಿಗೂ ನೆರಳಿರುತ್ತದೆ. ಹಿಂದೆ ಬಿದ್ದಿರುತ್ತದೆ, ಅವನು ನೋಡುವುದಿಲ್ಲ, ಅಷ್ಟೇ.

ಬೀಗ ತೆಗೆಯುವಷ್ಟರಲ್ಲಿ ನಂಜುಂಡಪ್ಪನವರು. ಬಡಾವಣೆ ಸಂಘದ ಅಧ್ಯಕ್ಷರು. ರಾಜಾಜಿನಗರದ ನಮ್ಮ ಬೀದಿ ಎದ್ದಿರುವುದೇ ಅವರ ರಾಗಿ ಹೊಲದ ಮೇಲೆ. ಹಾಗಾಗಿ ಇಲ್ಲಿ ಯಾರು ಕೆಮ್ಮಿದರೂ ವಿಚಾರಿಸುತ್ತಾರೆ. ಈ ಸಲದ ವಿಚಾರ ಪಕ್ಕದ ಮನೆಯ ಜಗದಾಂಬಾಳ ಲೈಬ್ರರಿ. ಅವಳು ಬಾಡಿಗೆಗೆ ಕೊಡುವ ಇಂಗ್ಲಿಷ್ ಕಾಮಿಕ್ಸ್ ಓದಿ, ಹಿಂದಿನ ಬೀದಿಯ ಹುಡುಗಿಯೊಬ್ಬಳು ಅಮ್ಮನ ಸೀರೆ ಕತ್ತಿಗೆ ಕಟ್ಟಿಕೊಂಡು ಕಾಂಪೌಂಡಿನಿಂದ ಹಾರಿದ್ದಾಳೆ. ಕಾಲು ಉಳುಕಿದೆ. ಇಂಥ ಪುಸ್ತಕಗಳ ಮೇಲೆ ಹೋದ ವರ್ಷ ದೆಹಲಿಯಲ್ಲಿ ಕಾನೂನೇ ಆಗಿದೆಯಂತೆ.

“ನಮ್ ಹೊಲ್ದಲ್ಲಾದ್ರೆ ಕಳೆ ಯಾವ್ದು ಪೈರು ಯಾವ್ದು ಅಂತ ಕಣ್ಮುಚ್ಕೊಂಡು ಹೇಳ್ತೀನಿ ಮೇಡಮ್ನೋರೆ. ಇದ್ರಲ್ಲಿ ಗೊತ್ತಾಗಲ್ಲ. ನೀವು ಎಂ.ಎ. ಓದಿದೋರು. ನೋಡಿ ಹೇಳ್ಬಿಡಿ.”

ಭಾನುವಾರದ ಮೀಟಿಂಗಿನಲ್ಲಿ ಹೇಳಬೇಕು. ನಾನು ಹೇಳಿದಂತೆ ತೀರ್ಮಾನ.

ಒಪ್ಪಿಕೊಂಡೆ. ಜಗದಾಂಬಾಳಿಗೋಸ್ಕರ ಎಂದು ಬರೆದರೆ ಪೂರ್ತಿ ನಿಜವಲ್ಲ. ಕುತೂಹಲ. ಇಷ್ಟು ವರ್ಷ ಓದಿದ್ದರಲ್ಲಿ ಚಡ್ಡಿ ಮೇಲೆ ಹಾಕಿಕೊಂಡು ಹಾರುವ ಗಂಡಸು ಒಬ್ಬನೂ ಇರಲಿಲ್ಲ.

ಅದೇ ದಿನ, ಊಟದ ಮೇಲೆ

ಜಗದಾಂಬಾ ಎರಡು ತೆಕ್ಕೆ ಪುಸ್ತಕ ತಂದಿಟ್ಟು ಹೋದಳು. ಹಣೆಗೆ ವಿಭೂತಿ, ಕೆಳಗೆ ಕುಂಕುಮ — ಎಂದಿನಂತೆ. ಗಂಡ ಶಿವಬಸಪ್ಪ ಕೆಲಸಕ್ಕೆಂದು ಬೊಂಬಾಯಿಗೆ ಹೋಗಿ ನಾಲ್ಕು ವರ್ಷ. ಮೊದಲು ಕಾಗದ ಬರುತ್ತಿತ್ತು. ಈಗ ಬರುವುದು ಗಾಳಿಮಾತು ಮಾತ್ರ. ಒಬ್ಬರು ಸತ್ತ ಎನ್ನುತ್ತಾರೆ, ಇನ್ನೊಬ್ಬರು ಅಲ್ಲೇ ಇನ್ನೊಂದು ಸಂಸಾರ ಎನ್ನುತ್ತಾರೆ. ಯುದ್ಧ ಮುಗಿದು ಬಿಳಿ ಸೋಲ್ಜರುಗಳು ಹೊರಟಾಗ ದಂಡು ಪ್ರದೇಶದಿಂದ ಅವನು ತೂಕಕ್ಕೆ ತಂದ ಕಾಮಿಕ್ಸೇ ಈ ಲೈಬ್ರರಿ. ತಿಪಟೂರಿನಿಂದ ಮೈದುನ ಬಂದು, ಇಲ್ಲೊಬ್ಬಳೇ ಯಾಕಿರ್ತೀರಿ, ಬನ್ನಿ ಎಂದು ಕರೆಯುತ್ತಲೇ ಇದ್ದಾನೆ. ಲೈಬ್ರರಿ ನೋಡಿಕೊಳ್ಳಬೇಕಲ್ಲ ಎಂಬುದೇ ಅವಳ ಉತ್ತರ. ಅದು ಮುಚ್ಚಿದರೆ ಉತ್ತರವಿಲ್ಲ.

ಅವಳಿಗೆ ಇಂಗ್ಲಿಷ್ ಬಾರದು. ಆದರೆ ನಾಲ್ಕೈದು ಸಂಚಿಕೆ ಸೇರಿಸಿ ದಬ್ಬಣದಲ್ಲಿ ಹೊಲಿದು, ಬೆನ್ನಿಗೆ ಹಳೆ ಸೀರೆಯ ಬಟ್ಟೆ ಅಂಟಿಸಿದ್ದಾಳೆ. ಮಕ್ಕಳು ಎಂಜಲು ಬೆರಳು ಹಚ್ಚುವ ಕೆಳತುದಿಗೆ ಪ್ರತಿ ಹಾಳೆಗೂ ಕಂದು ಗೋಂದುಪಟ್ಟಿ. ಅಚ್ಚುಕಟ್ಟು.

ಜುಲೈ ೯, ಮಂಗಳವಾರ

ಎರಡು ಕಂಪನಿ. ಹಾರ್ಬರ್ ಎಂಬುದರ ರಕ್ಷಾಪುಟದ ಮೂಲೆಯಲ್ಲಿ ಹಡಗು. ಲಾರೆಲ್‌ನದರಲ್ಲಿ ಎಲೆ. ಎದುರುಬದುರು ಅಂಗಡಿಯವರ ಹಾಗೆ ಒಬ್ಬರನ್ನೊಬ್ಬರು ನೋಡಿ ಮಾಡುತ್ತಾರೆ. ಇವರೊಬ್ಬ ಹಾರುವವನನ್ನು ತಂದರೆ ಅವರೂ ತರಬೇಕು. ಆದರೂ ಬೇರೆ ಬೇರೆ. ಗಮನಿಸಿದ್ದು:

ಹಾರ್ಬರ್‌ನ ಒಳ್ಳೆಯವನು ದಣಿಯುತ್ತಾನೆ, ಕಾಫಿ ಕುಡಿಯುತ್ತಾನೆ, ಒಮ್ಮೆ ಬಸ್ಸು ತಪ್ಪಿಸಿಕೊಂಡ. (ಹಾರಬಲ್ಲವನಿಗೆ ಬಸ್ಸೇಕೆ?) ಲಾರೆಲ್‌ನ ಒಳ್ಳೆಯವರು ಕಲ್ಲಿನ ವಿಗ್ರಹ — ಬೆವರಿಲ್ಲ, ಹಸಿವಿಲ್ಲ. ಆದರೆ ಲಾರೆಲ್‌ನ ಕೆಟ್ಟವರಿಗೆ ತಾಯಿ ಇದ್ದಾಳೆ, ಅವಮಾನದ ನೆನಪಿದೆ. ಹಾರ್ಬರ್‌ನ ಕೆಟ್ಟವರು ಸುಮ್ಮನೆ ನಗುತ್ತಾರೆ. ಅಂದರೆ ಒಬ್ಬರು ಒಳ್ಳೆಯವನನ್ನು ಮನುಷ್ಯ ಮಾಡಿದರು, ಇನ್ನೊಬ್ಬರು ಕೆಟ್ಟವನನ್ನು. ಇಬ್ಬರನ್ನೂ ಮನುಷ್ಯರನ್ನಾಗಿ ಮಾಡಿದವರು ಯಾರೂ ಇಲ್ಲ.

ಇನ್ನೊಂದು. ಎರಡೂ ಕಂಪನಿಗಳಲ್ಲಿ ಪುಸ್ತಕದ ಬೀರು ಇರುವುದು ಕೆಟ್ಟವನ ಮನೆಯಲ್ಲಿ. ಪದ್ಯ ಹೇಳುವವನೂ ಅವನೇ. ಒಳ್ಳೆಯವನ ಮನೆಯಲ್ಲಿ ಒಂದು ಪಂಚಾಂಗ ಕೂಡ ಇಲ್ಲ! ಯೋಚಿಸಬೇಕಾದ ವಿಷಯ. ಚಿಕ್ಕಂದಿನಲ್ಲಿ ಕಂಡ ಬಯಲಾಟದಲ್ಲೂ ಹಾಗೇ. ರಾಕ್ಷಸ ಬರುವಾಗಲೇ ಚೆಂದದ ಕಿರೀಟ, ಜೋರು ಮದ್ದಳೆ.

ಜುಲೈ ೧೧, ಗುರುವಾರ

ಒಂದು ಸಿಕ್ಕಿತು. ಎದೆ ಹೊಡೆದುಕೊಳ್ಳುತ್ತಿದೆ — ನಗಬಾರದು.

ಹಾರ್ಬರ್‌ನ ಬೀಕನ್. ದೀಪಸ್ತಂಭ ಕಾಯುವವನ ಮಗ. ಎದೆಯಿಂದ ಬೆಳಕು ಬರುತ್ತದೆ, ದಾರಿ ತಪ್ಪಿದ ಹಡಗುಗಳನ್ನು ದಡ ಸೇರಿಸುತ್ತಾನೆ. ಹಣೆಯ ಮೇಲೆ ಒಂದು ಎಳೆ ಬಿಳಿ ಕೂದಲು, ನೇರಳೆ ಬಣ್ಣದ ಮೇಲುಹೊದಿಕೆ. ಮೂರನೆಯ ಸಂಚಿಕೆಯ ಕೊನೆಗೆ, ಯಾರನ್ನು ಉಳಿಸಿದನೋ ಅವರೇ ಅವನನ್ನು ಸ್ತಂಭದ ಮೇಲಿನಿಂದ ನೂಕುತ್ತಾರೆ. ಸಮುದ್ರ. ಕತ್ತಲು. ಪುಟ ತಿರುಗಿಸಿದರೆ ಮಂಜಿನೊಳಗಿನಿಂದ ಒಬ್ಬ ಎದ್ದು ಬರುತ್ತಾನೆ. ಅದೇ ಬಿಳಿ ಎಳೆ, ಅದೇ ನೇರಳೆ. ಈಗ ಅವನ ಹೆಸರು ಡಸ್ಕ್, ಮುಸ್ಸಂಜೆ. ಊರಿನ ದೀಪಗಳನ್ನೆಲ್ಲ ಆರಿಸಿ ಸೂರೆ ಮಾಡುತ್ತಾನೆ. ಆದರೂ ಒಂದು ಚಿತ್ರದಲ್ಲಿ ಗುಡ್ಡದ ಮೇಲೆ ಒಬ್ಬನೇ ನಿಂತು ದೂರದ ಒಂದು ದೀಪವನ್ನು ನೋಡುತ್ತಿರುತ್ತಾನೆ. ತನ್ನ ಮನೆಯದೇ ಅಲ್ಲವೆ ಅದು?

ಬೆಳಕಿಗೆ ಬೆನ್ನು ಕೊಟ್ಟವನು, ತಿರುಗಿ ನೋಡಿದ. ನೆನಪಾಗದ ಆ ಎರಡನೆಯ ಸಾಲು ಇಂಥದ್ದೇ ಏನೋ ಇದ್ದಿರಬೇಕು.

ಮಕ್ಕಳ ಪುಸ್ತಕ ಎಂದವರು ಯಾರು? ಈ ಕಂಪನಿಯನ್ನಾದರೂ ಉಳಿಸಿಕೊಳ್ಳಲೇಬೇಕು. ಇದನ್ನೇ ಹೇಳುತ್ತೇನೆ.

ಜುಲೈ ೧೪, ಭಾನುವಾರ. ಮಧ್ಯಾಹ್ನ

ಹೇಳಿದೆ. ನಂಜುಂಡಪ್ಪನವರ ಜಗಲಿಯಲ್ಲಿ ಹದಿನೈದು ಜನ. ಪಾಠ ಮಾಡುವ ದನಿಯಲ್ಲಿ ಶುರುಮಾಡಿ, ನನಗೇ ಗೊತ್ತಿಲ್ಲದೆ ಬೀಕನ್ ಕತೆ ಪೂರ್ತಿ ಹೇಳಿಬಿಟ್ಟೆ. ಬೀಳುವುದು, ಏಳುವುದು, ಗುಡ್ಡದ ಮೇಲೆ ನಿಲ್ಲುವುದು. ಒಳ್ಳೆಯವನೂ ಕೆಡಬಲ್ಲ ಎಂದು ಹೇಳುವ ಧೈರ್ಯ ಈ ಒಂದು ಕಂಪನಿಗಿದೆ ಎಂದೆ. ಹಿಂದೆ ನಿಂತಿದ್ದ ಜಗದಾಂಬಾ ತಲೆಯಾಡಿಸುತ್ತಿದ್ದಳು.

ನಂಜುಂಡಪ್ಪನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ್ದರು.

“ಒಳ್ಳೇವ್ನೇ ಕಳ್ಳ ಆಗ್ತಾನೆ. ಅದ್ನ ಮೇಡಮ್ನೋರೇ ಚೆನ್ನಾಗೈತೆ ಅಂತಾರೆ. ಇನ್ನ ಮಕ್ಳಿಗೆ ಯಾರ್ನ ತೋರ್ಸಿ ಇವ್ನಂಗಿರು ಅನ್ನೋದು? ಕಳೆ ಅಂದ್ರೆ ಕಿತ್ತಾಕ್ಬೋದು. ಪೈರೇ ಕಳೆ ಆದ್ರೆ?”

ಪ್ರಶ್ನೆ ಒಳ್ಳೆಯದಾಗಿತ್ತು, ಅದೇ ಕಷ್ಟ. ಮುಂದಿನ ಭಾನುವಾರ ಎಲ್ಲವೂ ರದ್ದಿಗೆ ಎಂದು ತೀರ್ಮಾನ. ನಾನು ಹೇಳಿದಂತೆಯೇ.

ಜುಲೈ ೧೫, ಸೋಮವಾರ

ಜಗದಾಂಬಾ ಹುಳಿ ತಂದುಕೊಟ್ಟಳು. ಕೋಪವಿಲ್ಲ. ಮೈದುನನಿಗೆ ತಂತಿಯಲ್ಲಿ ಸುದ್ದಿ ಮುಟ್ಟಿದೆ, ಭಾನುವಾರ ಗಾಡಿ ಮಾಡಿಕೊಂಡು ಬರುತ್ತಾನಂತೆ. ತಿಪಟೂರಿನ ಮನೆಯಲ್ಲಿ ಶಿವಬಸಪ್ಪನ ಹೆಸರಿನಲ್ಲಿ ತಿಥಿ ಮಾಡಿ ಮುಗಿಸೋಣ ಎನ್ನುವ ಮಾತೂ ಇದೆಯಂತೆ. ಹಾಗೆ ಹೇಳುವಾಗ ಹುಳಿಯ ಪಾತ್ರೆಯನ್ನೇ ನೋಡುತ್ತಿದ್ದಳು.

ಜುಲೈ ೧೮, ಗುರುವಾರ. ಬೆಳಿಗ್ಗೆ ಏಳು

ಮೂರು ದಿನ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ವಾಪಸು ಕೊಡಲು ಜೋಡಿಸುತ್ತಾ ಸುಮ್ಮನೆ ತೆರೆದೆ. ಏನೋ ಸರಿಯಿಲ್ಲ. ಬೀಕನ್ ಪುಟಗಳಲ್ಲಿ ಅಕ್ಷರ ನೆಟ್ಟಗಿದೆ. ಡಸ್ಕ್ ಬಂದೊಡನೆ ವಾಲಿಕೊಂಡಿದೆ. ಆಕಾಶದ ನೀಲಿಯೂ ಬೇರೆ. ಡಸ್ಕ್‌ಗೆ ಒಬ್ಬ ತಾಯಿ ಇದ್ದಾಳೆ. ಬೀಕನ್‌ನ ತಾಯಿ ಮೊದಲ ಪುಟದಲ್ಲೇ ಸತ್ತಿದ್ದಳಲ್ಲ?

ಮೊದಲ ಸಲ ಇದನ್ನು ಹೇಗೆ ದಾಟಿ ಹೋದೆ! ಬೇಕಾದ್ದನ್ನು ಮಾತ್ರ ಓದಿಕೊಂಡೆ, ಅಷ್ಟೆ.

ಹಡಗಿನ ಗುರುತಿನ ಮೊದಲನೆಯದೊಂದು ಬಿಟ್ಟರೆ ಈ ಪುಸ್ತಕಕ್ಕೆ ರಕ್ಷಾಪುಟಗಳಿಲ್ಲ. ಹರಿದುಹೋದವನ್ನು ತೆಗೆದೇ ಹೊಲಿಯುವುದು ಅವಳ ಪದ್ಧತಿ. ಕಂಪನಿಯ ಹೆಸರು ಸಣ್ಣ ಅಕ್ಷರದಲ್ಲಿರುವುದು ಪ್ರತಿ ಸಂಚಿಕೆಯ ಮೊದಲ ಪುಟದ ಕೆಳತುದಿಯಲ್ಲಿ — ಗೋಂದುಪಟ್ಟಿಯ ಅಡಿ. ಕಾಫಿ ನೀರು ಕುದಿಯುತ್ತಿತ್ತು. ಡಸ್ಕ್‌ನ ಮೊದಲ ಹಾಳೆಯನ್ನು ಹಬೆಗೆ ಹಿಡಿದೆ. ಪಟ್ಟಿ ಮೆಲ್ಲಗೆ ಸುರುಳಿಯಾಗಿ ಎದ್ದಿತು.

ಲಾರೆಲ್.

ಡಸ್ಕ್ ಬೀಕನ್ ಅಲ್ಲ. ಎಂದೂ ಆಗಿರಲಿಲ್ಲ. ಎದುರು ಅಂಗಡಿಯವರ ಕಳ್ಳ, ಅವನ ಹೆಸರಿನಲ್ಲೇ ಬೇರೆ ಪುಸ್ತಕ. ಗುಡ್ಡದಿಂದ ನೋಡುತ್ತಿದ್ದ ದೀಪ? ಮುಂದಿನ ಪುಟದಲ್ಲಿದೆ: ಬ್ಯಾಂಕಿನ ಕಾವಲುಗಾರನ ಲಾಂದ್ರ. ನಾನು ಅದನ್ನು ಮನೆ ಎಂದು ಓದಿದೆ. ಕಾಫಿ ಉಕ್ಕಿಹೋಯಿತು.

ಬೀಕನ್ ಏನಾದ? ಎರಡು ತೆಕ್ಕೆಯಲ್ಲೂ ಹುಡುಕಿದೆ. ನಾಲ್ಕನೆಯ ಸಂಚಿಕೆ ಇಲ್ಲ.

ಜುಲೈ ೧೯, ಶುಕ್ರವಾರ

ಮೊದಲು ನಂಜುಂಡಪ್ಪನವರ ಮನೆ. ನನ್ನದೇ ತಪ್ಪು ಎಂದೆ. ಪೈರು ಕಳೆಯಾಗಿಲ್ಲ, ಪಕ್ಕದ ಹೊಲದ ಕಳೆ ಈ ಹೊಲಕ್ಕೆ ಸೇರಿಕೊಂಡಿದೆ, ಅಷ್ಟೇ ಎಂದೆ. ಅವರ ಭಾಷೆಯಲ್ಲಿ ಹೇಳಿದ್ದಕ್ಕೆ ನಕ್ಕರು. ಹಬೆ ಹಿಡಿದ ಹಾಳೆಯನ್ನು ತಿರುವಿ ತಿರುವಿ ನೋಡಿದರು. ಎಂ.ಎ. ಮಾಡಿದೋರಿಗೂ ಮೂತಿ ನೋಡಿ ಮೋಸ ಆಗುತ್ತದೆ ಎಂದು ಒಂದು ಏಟು ಕೊಟ್ಟೇ ಒಪ್ಪಿದರು. ಲೈಬ್ರರಿ ಇರಲಿ. ಆದರೆ ಕೆಟ್ಟವನ ಹೆಸರಿನಲ್ಲೇ ಇರುವ ಪುಸ್ತಕ ಬೇಡ. ಹೊಲಿಗೆ ಬಿಚ್ಚಿ ಬೇರೆ ಮಾಡಿ, ಡಸ್ಕ್‌ನನ್ನು ಅವರ ಜಗಲಿಗೆ ತಂದುಕೊಡಬೇಕು.

ಗೆದ್ದೆ ಎಂದುಕೊಂಡೇ ಪಕ್ಕದ ಮನೆಗೆ ಹೋದೆ. ಲೈಬ್ರರಿ ಉಳಿಯಿತು ಎಂದಾಗ ಜಗದಾಂಬಾ ಕೈಮುಗಿದಳು. ತಿಪಟೂರಿಗೆ ಗಾಡಿ ಬೇಡವೆಂದು ಇವತ್ತೇ ಕಾರ್ಡು ಹಾಕುತ್ತಾಳೆ. ಆಮೇಲೆ ಉಳಿದದ್ದನ್ನು ಹೇಳಿದೆ, ಬೀಕನ್ ಬೇರೆ, ಡಸ್ಕ್ ಬೇರೆ ಎಂದು. ಕೈ ಮುಗಿದದ್ದು ಹಾಗೇ ಇತ್ತು.

“ಬೇರೆನಾ? ಕೂದ್ಲು ನೋಡಿ ಅಕ್ಕಾ.”

ನೋಡಿದೆ ಎಂದೆ. ಅದೊಂದು ಆಕಸ್ಮಿಕ. ಅಥವಾ ಒಬ್ಬರದು ನೋಡಿ ಇನ್ನೊಬ್ಬರು ಬರೆದಿದ್ದು.

“ಹೆಸ್ರು ಬದ್ಲಾಯ್ಸ್ಕೋಬೋದು. ಬಟ್ಟೆ, ಬುದ್ಧಿ ಎಲ್ಲ ಬದ್ಲಾಗ್ಬೋದು. ಹಣೆ ಮೇಲಿನ ಕೂದ್ಲು ಬದ್ಲಾಗುತ್ತಾ? ಅದು ನೋಡೇ ನಾನು ಹೊಲ್ದಿದ್ದು.”

ಆ ಪುಸ್ತಕ ಯಾವಾಗ ಹೊಲಿದದ್ದು ಎಂದು ಕೇಳಿದೆ. ಕಾಗದ ಬರುವುದು ನಿಂತ ವರ್ಷ ಎಂದಳು. ಬೀಕನ್‌ನ ಆ ಮೂರು ಸಂಚಿಕೆ ಶಿವಬಸಪ್ಪ ಕೊನೆಗೆ ತಂದವು. ನೀರಿಗೆ ಬಿದ್ದವನ ಮುಂದಿನದನ್ನು ಬೊಂಬಾಯಿಯಲ್ಲಿ ಹುಡುಕಿ ತರುತ್ತೇನೆ ಎಂದು ಹೇಳಿ ಹೋಗಿದ್ದನಂತೆ.

ಏನಾದರೂ ಹೇಳಬಹುದಿತ್ತು. ಇಷ್ಟು ಪದ್ಯ ಓದಿದವಳು. ಬಿಚ್ಚಲು ಸಣ್ಣ ಕತ್ತರಿ ಬೇಕಾ ಎಂದು ಕೇಳಿ ಬಂದೆ.

ಜುಲೈ ೨೧, ಭಾನುವಾರ. ಬೆಳಿಗ್ಗೆ

ಸ್ನಾನ ಮುಗಿಸಿ ಇದನ್ನು ತೆರೆದು ಕೂತೆ. ‘ಬೆಳಕಿಗೆ ಬೆನ್ನು ಕೊಟ್ಟವನ’ — ಇನ್ನೂ ಎರಡನೆಯ ಸಾಲಿಲ್ಲ. ಬೀಕನ್‌ನ ನಾಲ್ಕನೆಯ ಸಂಚಿಕೆ ಅವೆನ್ಯೂ ರೋಡಿನ ಹಳೆ ಪುಸ್ತಕದವರಲ್ಲಿ ಇರಬಹುದೇ? ಇದ್ದರೂ, ಅದರಲ್ಲಿ ಅವನು ಬದುಕಿದ್ದಾನೆಯೇ? ಓದಿ ಅವಳಿಗೆ ಹೇಳಬೇಕಾದವಳು ನಾನೇ…

ಬಾಗಿಲು ತಟ್ಟಿದ ಸದ್ದು. ತೆರೆದೆ.

ಜಗದಾಂಬಾ. ಬಲಗೈಯಲ್ಲಿ ನಂಜುಂಡಪ್ಪನವರಿಗೆ ಕೊಡಬೇಕಾದ ಡಸ್ಕ್, ಹಳೆ ಸೀರೆಯ ಅಂಚಿನಲ್ಲಿ ಕಟ್ಟಿದ್ದಾಳೆ. ಎಡಗೈಯಲ್ಲಿ ಬೀಕನ್, ಬೆನ್ನಿನ ಬಟ್ಟೆ ಕಿತ್ತು ತೆಳ್ಳಗಾಗಿದ್ದಾನೆ. ಹೊಲಿಗೆಯ ತೂತುಗಳು ಕಾಣುತ್ತಿವೆ. ಒಳಗೆ ಬಾ ಎಂದೆ, ಬರಲಿಲ್ಲ. ಹೊಸಿಲಿನಾಚೆಯೇ ನಿಂತು ಎಡಗೈಯದನ್ನು ನನ್ನ ಕಡೆ ಚಾಚಿದಳು.

“ನೀವು ಹೇಳ್ದಂಗೆ ಬೇರೆ ಮಾಡಿದೀನಿ ಅಕ್ಕಾ. ಕೆಟ್ಟೋನಾಗಾದ್ರೂ ಎದ್ದು ಬರ್ತಿದ್ದ. ಈಗ ಬಿದ್ದೋನು ಬಿದ್ದಂಗೇ ಇದಾನೆ.”