ಆಮೇಲೆ ನನಗೆ ಗೊತ್ತಿಲ್ಲ

ಅಕ್ಕಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನಂಬರ್ ಒತ್ತಿದೆ, ಕೈಬಿಟ್ಟೆ. ನಿಮ್ಮ ಧ್ವನಿ ಕೇಳಿದ ಕೂಡಲೇ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೇನೆ, ನೀವು ವಿಷಯಕ್ಕೆ ಬಾ ಎಂದು ಗದರುತ್ತೀರಿ, ಕೊನೆಗೆ ಇಬ್ಬರೂ ನಿಮ್ಮ ಮೊಣಕಾಲು ನೋವಿನ ಬಗ್ಗೆ ಮಾತಾಡಿ ಫೋನ್ ಇಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಓದುತ್ತಾ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೇಳಿಕೆ ಕೊಡಲು ಬಂದವರಿಗೆ ಮೊಟ್ಟಮೊದಲು ಹೇಳಬೇಕಾದ ಮಾತು ಇದೇ ಎಂದು ಕಲಿಸಿದವರು ನೀವು.

ನಮ್ಮ ಆಫೀಸಿಗೆ ಹೊಸ ಹುಡುಗಿಯೊಬ್ಬಳನ್ನು ಆರಿಸಿದ್ದೇವೆ. ಪದ್ಧತಿಯಂತೆ ಅವಳ ಮೊದಲ ಪಾಠ ನಿಮ್ಮ ಎದುರು ಆಗಬೇಕು. ಹಿಂದಿನ ಕೋಣೆ, ಒಂದೇ ಎತ್ತರದ ಎರಡು ಕುರ್ಚಿ, ಮುಚ್ಚಳವಿರುವ ನೀರಿನ ಜಗ್ಗು. ಒಂದರಲ್ಲಿ ನೀವು ಕೂರುತ್ತೀರಿ, ಇನ್ನೊಂದರಲ್ಲಿ ಹೊಸಬರು. ಠಾಣೆಯಲ್ಲಿ ಸತ್ತ ನಿಮ್ಮ ಗಂಡನ ಬಗ್ಗೆ ಅವರು ಕೇಳಬೇಕು, ನೀವು ಹೇಳಬೇಕು, ಅವರು ಬರೆದುಕೊಳ್ಳಬೇಕು. ಠಾಣೆಗಳಲ್ಲಿ ನೊಂದವರ ಹೇಳಿಕೆ ಬರೆದುಕೊಳ್ಳುವ ಈ ಕೆಲಸವನ್ನು ಇಲ್ಲಿ ಎಲ್ಲರೂ ಹೀಗೇ ಕಲಿತದ್ದು. ನಾನು ಕಣ್ಣಿಂದ ನೋಡದ ಭಾವನನ್ನು ನನ್ನ ಸ್ವಂತ ಭಾವನಿಗಿಂತ ಚೆನ್ನಾಗಿ ಬಲ್ಲೆ.

ನನ್ನ ಮೊದಲ ದಿನ ನೆನಪಿದೆಯಾ? ಡಿಗ್ರಿಯ ಜಂಬದಲ್ಲಿ "ಇವರು ಪತಿಯನ್ನು ಕಳೆದುಕೊಂಡಿದ್ದಾರೆ" ಎಂದು ಬರೆದಿದ್ದೆ. ನೀವು ಅದನ್ನು ಜೋರಾಗಿ ಓದಿ, ಕನ್ನಡಕ ತೆಗೆದು, "ನಾನು ಕಳ್ಕೊಂಡಿಲ್ಲಮ್ಮ. ಕಳ್ಕೊಳ್ಳೋದು ಕೊಡೆನ. ಅವರನ್ನ ಕರ್ಕೊಂಡು ಹೋದ್ರು. ಹಾಗೇ ಬರಿ" ಎಂದಿರಿ. ಆ ದಿನ ಬಚ್ಚಲಿಗೆ ಹೋಗಿ ಅತ್ತೆ. ಮರುದಿನ ರಾಜೀನಾಮೆ ಕೊಡಬೇಕೆಂದುಕೊಂಡು ಬಂದವಳಿಗೆ ನೀವು ಸುಮ್ಮನೆ ಪೆನ್ನು ಕೊಟ್ಟು ಕೂರಿಸಿದಿರಿ. ಇವತ್ತಿಗೂ ಇಲ್ಲೇ ಕೂತಿದ್ದೇನೆ.

ನಿಮ್ಮ ಹೇಳಿಕೆ ಯಾವಾಗಲೂ ಒಂದೇ ಕಡೆ ನಿಲ್ಲುತ್ತದೆ. ಊಟಕ್ಕೆ ಕೂತಿದ್ದ ಭಾವನನ್ನು ಎಬ್ಬಿಸಿದರು. "ತಟ್ಟೆ ಮುಚ್ಚಿಡು, ಈಗ ಬಂದೆ" ಎಂದು ಹೋದರು. ನೀವು ಕತ್ತಲಾಗುವ ತನಕ ಠಾಣೆಯ ಗೇಟಿನ ಹೊರಗೆ ನಿಂತಿದ್ದಿರಿ. ಮನೆಗೆ ಹೋಗಮ್ಮ, ಬೆಳಿಗ್ಗೆ ಬಿಡ್ತೀವಿ ಎಂದರು. ಬೆಳಿಗ್ಗೆ ಆಸ್ಪತ್ರೆಗೆ ಬಾ ಎಂದರು. ನಡುವಿನ ರಾತ್ರಿಗೆ ಬಂದಾಗ ನೀವು ಹೇಳುವುದು ಒಂದೇ ವಾಕ್ಯ: "ಆಮೇಲೆ ನನಗೆ ಗೊತ್ತಿಲ್ಲ." ಹೊಸಬರೆಲ್ಲ ಎಡವುವುದು ಇಲ್ಲೇ. ಒಬ್ಬ ಹೊಡೆದಿರಬಹುದು ಎಂದು ಸೇರಿಸುತ್ತಾನೆ, ಇನ್ನೊಬ್ಬಳು ಆ ವಾಕ್ಯವನ್ನೇ ನುಂಗಿಬಿಡುತ್ತಾಳೆ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅಂತಲೇ ಬರೆಯಬೇಕು ಎಂದು ತಲೆಗೆ ಮೊಳೆ ಹೊಡೆದ ಹಾಗೆ ಹೇಳಿಕೊಡುತ್ತೀರಿ.

ಈ ಸಲದ ಪರೀಕ್ಷೆಯಲ್ಲಿ ಹೆಂಗಸೊಬ್ಬರ ಹಳೆಯ ಹೇಳಿಕೆಯ ಒಂದು ಪುಟವನ್ನು, ಹೆಸರು ಅಳಿಸಿ, ಎಲ್ಲರಿಗೂ ಕೊಟ್ಟು ಸಂಗ್ರಹಿಸಿ ಬರೆಯಲು ಹೇಳಿದೆ. ಅದರಲ್ಲೂ ಅಲ್ಲಲ್ಲಿ ಗೊತ್ತಿಲ್ಲ ಎಂದಿತ್ತು. ಬಂದವರೆಲ್ಲ ತೇಪೆ ಹಾಕಿ ಚೆಂದ ಮಾಡಿ ಕೊಟ್ಟರು. ಈ ಹುಡುಗಿ ಒಬ್ಬಳೇ ಎಲ್ಲ ಗೊತ್ತಿಲ್ಲಗಳನ್ನೂ ಇದ್ದಲ್ಲೇ ಬಿಟ್ಟಿದ್ದಳು. ಪುಟ ವಾಪಸು ಕೊಡುವಾಗ, ಇದನ್ನು ಪರೀಕ್ಷೆಗೆ ಬಂದವರು ಓದಲಿ ಎಂದು ಆ ಹೆಂಗಸು ಒಪ್ಪಿದ್ದಾರಾ ಎಂದು ನನ್ನನ್ನೇ ಕೇಳಿದಳು. ಒಪ್ಪಿದ್ದಾರೆ, ಆದರೂ ನನ್ನ ಕಿವಿ ಬಿಸಿಯಾಯಿತು. ನಿಮ್ಮ ಗರಡಿಗೆ ಬರುವ ಮೊದಲೇ ಪಳಗಿದ ಕೈ ಎಂದು ಖುಷಿಪಟ್ಟೆ.

ಸಂದರ್ಶನದ ಕೊನೆಗೆ ನೀವು ಹಾಕಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ. ಮುಂದೆ ಬೇರೆಯವರ ಬಾಯಿಂದ ನಮಗೆ ತಿಳಿದರೆ ನೋವಾಗುವಂಥದ್ದೇನಾದರೂ ಇದೆಯಾ, ಇದ್ದರೆ ಈಗಲೇ ಹೇಳು. ಹಿಂದೊಬ್ಬ ನನಗೆ ಬೆಳಿಗ್ಗೆ ಬೇಗ ಏಳಕ್ಕಾಗಲ್ಲ ಮೇಡಂ ಎಂದಿದ್ದ, ಅದು ನಿಜವೂ ಆಯಿತು. ಈ ಹುಡುಗಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಈ ಆಫೀಸು ಯಾವ ಸಾವಿನಿಂದ ಶುರುವಾಯ್ತು ಅಂತ ಗೊತ್ತಿದ್ದೇ ಬಂದಿದ್ದೀನಿ. ಅವತ್ತು ರಾತ್ರಿ ಆ ಠಾಣೆ ಬಾಗಿಲಲ್ಲಿ ಪಹರೆಗಿದ್ದವರು ನಮ್ಮಪ್ಪ. ಹೋದ ವರ್ಷ ತೀರ್ಕೊಂಡರು. ಅದಕ್ಕೆ ಮುಂಚೆ ಒಳಗೆ ಏನಾಯ್ತು ಅಂತ ನನಗೆ ಹೇಳಿದ್ದಾರೆ."

ಅಕ್ಕಾ, ಮೊದಲು ಬಂದದ್ದು ಸಿಟ್ಟು. ಎದ್ದು ಹೋಗು ಎನ್ನಬೇಕೆನಿಸಿತು. ಒಬ್ಬ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಸಂಬಳ ಎಣಿಸಿದ, ಮಗಳನ್ನು ಓದಿಸಿದ. ಇಲ್ಲಿ ನೀವು ಸಿಕ್ಕಸಿಕ್ಕ ಹೊಸಬರ ಮುಂದೆ ಅದೇ ತಟ್ಟೆ ಮುಚ್ಚಿಟ್ಟ ಕಥೆ ಹೇಳುತ್ತಾ ಮುದುಕಿಯಾದಿರಿ. ನನ್ನ ಪಕ್ಕದಲ್ಲಿದ್ದ ನಮ್ಮ ಆಫೀಸಿನ ವಕೀಲರು ಅಷ್ಟರಲ್ಲೇ ಪೆನ್ನಿನ ಕ್ಯಾಪ್ ತೆಗೆದು, ಏನು ಹೇಳಿದರು ಎಂದು ಮುಂದಕ್ಕೆ ಬಾಗಿದ್ದರು. ನನಗೂ ಅದೇ ಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ನಮಗೆ ಹೇಳಬೇಡಮ್ಮ. ಅದನ್ನ ಮೊದಲು ಕೇಳಬೇಕಾದವರು ಬೇರೆ ಇದ್ದಾರೆ" ಎಂದೆ.

ಹುಡುಗಿ ಆಗ ಅತ್ತಳು. ಈ ವಿಷಯಕ್ಕಾಗಿ ನನಗೆ ಕೆಲಸ ಕೊಡಬೇಡಿ, ಈ ವಿಷಯಕ್ಕಾಗಿ ತಪ್ಪಿಸಲೂ ಬೇಡಿ ಎಂದಳು. ಕೆಲಸ ಕೊಟ್ಟಿದ್ದೇನೆ. ಅಪ್ಪನ ಮೌನಕ್ಕೆ ಮಗಳಿಗೆ ಶಿಕ್ಷೆ ಕೊಡಲು ನನಗೆ ಯಾವ ಅಧಿಕಾರ? ನೀವು ಏನು ತೀರ್ಮಾನಿಸಿದರೂ ಆ ಕೆಲಸ ಅವಳದ್ದೇ. ವಕೀಲರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆ ಎಂದು ಅವರ ದೂರು. ಸಾಕ್ಷ್ಯ ಅವರಿಗೆ ಬೇಕು, ನ್ಯಾಯವೇ. ನನಗೂ ಬೇಕು. ಆದರೆ ಅದು ನಿಮ್ಮ ಮನೆಯ ಸಾವು.

ಆ ಹುಡುಗಿ ತಾನು ಯಾರೆಂದು ಹೇಳದೆ ನಿಮ್ಮೆದುರು ಕೂತು, ಪಾಠದ ನೆಪದಲ್ಲಿ ನಿಮ್ಮನ್ನು ಪ್ರಶ್ನೆ ಕೇಳುವುದು ಆಗದ ಮಾತು. ಅದನ್ನು ಅವಳೇ ಮೊದಲು ಹೇಳಿದಳು. ನೀವು ಬೇಡ ಎಂದರೆ ಪಾಠಕ್ಕೆ ನಾನು ಕೂರುತ್ತೇನೆ, ನನ್ನದೇ ಯಾವುದಾದರೂ ಸಂಕಟ ಹೇಳುತ್ತೇನೆ. ಉತ್ತರ ಬರೆಯದಿದ್ದರೂ ಬೇಡ ಎಂದೇ ತಿಳಿಯುತ್ತೇನೆ, ಮತ್ತೆ ಈ ಮಾತು ಎತ್ತುವುದಿಲ್ಲ. ಇಷ್ಟು ವರ್ಷ ಗೊತ್ತಿಲ್ಲ ಎಂಬುದನ್ನೇ ಹಿಡಿದು ಬದುಕಿದವರಿಗೆ ಗೊತ್ತಾಗುವುದು ಒಳ್ಳೆಯದೋ ಕೆಟ್ಟದ್ದೋ, ನನಗೆ ತಿಳಿಯುತ್ತಿಲ್ಲ. ಹೆದರಿಕೆಯಂತೂ ಆಗುತ್ತಿದೆ. ನಿಮ್ಮನ್ನು ಕಂಡರೆ ನನಗೆ ಎಷ್ಟು ಪ್ರೀತಿ ಎಂದು ಎದುರಿಗೆ ಯಾವತ್ತೂ ಹೇಳಿಲ್ಲ, ಬೈಗುಳ ತಿನ್ನುವುದರಲ್ಲೇ ಕಾಲ ಹೋಯಿತು.

ಬರುತ್ತೇನೆ ಎಂದರೆ ಗಾಡಿ ಕಳಿಸುತ್ತೇನೆ. ಹಿಂದಿನ ಕೋಣೆ ಗುಡಿಸಿ, ಜಗ್ಗಿಗೆ ನೀರು ತುಂಬಿಸಿಡುತ್ತೇನೆ. ಕುರ್ಚಿಗಳು ಅವೇ. ಆದರೆ ಈ ಸಲ ನೀವು ಎಂದಿನ ಜಾಗದಲ್ಲಿ ಕೂರಬೇಡಿ ಅಕ್ಕ, ಅಲ್ಲಿ ಆ ಹುಡುಗಿ ಕೂರುತ್ತಾಳೆ. ನೀವು ಎದುರಿಗೆ ಕೂತು ಕೇಳಿ. ನಿಮ್ಮ ಪಕ್ಕ ನೆಲದ ಮೇಲೆ ಕೂತು ನಾನು ಬರೆದುಕೊಳ್ಳುತ್ತೇನೆ, ಒಂದು ಮಾತೂ ಸೇರಿಸದೆ, ಒಂದು ಮಾತೂ ಬಿಡದೆ.

ಮನಸ್ಸು ಗಟ್ಟಿಯಿರಲಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ನೂರು ಕಾಲ ನನ್ನನ್ನು ಬೈಯುತ್ತಿರಿ.

ನೀವು ಪೆನ್ನು ಕೊಟ್ಟು ಕೂರಿಸಿದ
ತಂಗಿ