ತಿರುವಿನಲ್ಲಿ ನಿಂತ ನದಿ

ಸಂಗ್ರಹಾಲಯದ ಹಿಂದಿನ ಕೋಣೆ,
ಬುಧವಾರ ಮಧ್ಯಾಹ್ನ

ಅಮ್ಮಾ,

ನನ್ನ ಅಕ್ಷರ ಕಂಡ ಕೂಡಲೇ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಆಗಿರುವುದೆಲ್ಲ ಒಂದು ನದಿಗೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಪ್ಪನ ಮಾತು ಬಂದ ತಕ್ಷಣ ನಿನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಪತ್ರಕ್ಕೆ ಹಾಲು ಉಕ್ಕುವ ಭಯವಿಲ್ಲ. ಕಾಗದದ ಮೇಲೆ ಬಿಳಿ ಪುಡಿ ಕಂಡರೆ ಕೊಡವಿಕೋ. ಅಕ್ಷರ ಅಲ್ಲಲ್ಲಿ ಸೊಟ್ಟಗಿದ್ದರೆ ಈಗಲೇ ಕಾರಣ ಕೇಳಬೇಡ.

ಸಾಹಿತ್ಯ ಓದಿದವಳಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಚಿಕ್ಕಮ್ಮ ಕೇಳುತ್ತಿದ್ದರಲ್ಲ, ಈ ಸಂಗ್ರಹಾಲಯ ಕೊಟ್ಟಿದೆ. ಗಾಜಿನ ಪೆಟ್ಟಿಗೆಗಳ ಪಕ್ಕದ ಫಲಕಗಳಿಗೆ ನಾಲ್ಕು ನಾಲ್ಕು ಸಾಲು ಬರೆಯುವ ಕೆಲಸ. ಯಾರ ಹತ್ತಿರವೂ ಬಾಯಿ ಬಿಡಬೇಕಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿದೆ. ನಿನಗೆ ಈವರೆಗೆ ಹೇಳದಿದ್ದದ್ದು ಒಂದಿದೆ. ಇಲ್ಲಿನ ಉದ್ದನೆಯ ಹಜಾರದಲ್ಲಿ ನಮ್ಮ ನದಿಯ ಮಾದರಿಯೊಂದನ್ನು ಕಟ್ಟಬೇಕೆಂದು ನಮ್ಮ ಮೇಲಧಿಕಾರಿ ಮೇಡಂ ಯೋಚಿಸುತ್ತಿದ್ದಾಗ, ಗಾರೆ ಕೆಲಸಕ್ಕೆ ಅಪ್ಪನ ಹೆಸರು ಹೇಳಿದವಳು ನಾನೇ. ಬಾಗಿಲ ಹತ್ತಿರ ಉಗಮ, ಹಿಂದಿನ ಗೋಡೆಯ ಹತ್ತಿರ ಸಂಗಮ, ನಡುವೆ ನಿಜವಾದ ನೀರು. ನೋಡಲು ಬಂದವರು ನೀರಿನ ಜೊತೆ ನಡೆಯಬೇಕು, ಅದು ಮೇಡಂ ಆಸೆ. ಮೊದಲ ಫಲಕದಲ್ಲಿ ನಾನು ಹಾಗೇ ಬರೆದೆ: ‘ಈ ನೀರಿನ ಜೊತೆ ಹೊರಡಿ.’

ಆ ಫಲಕಗಳಿಗಾಗಿ ನನ್ನನ್ನು ನದಿಯುದ್ದಕ್ಕೂ ಕಳಿಸಿದರು. ಅಮ್ಮಾ, ಉಗಮ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಬೆಟ್ಟದ ಮೇಲೆ ಎರಡು ಬಂಡೆಗಳ ಸಂದಿ, ಪಾಚಿ, ಅದರಡಿ ಒಂದಿಷ್ಟು ಒದ್ದೆ, ಅಷ್ಟೇ. ಬೊಗಸೆ ತುಂಬಲು ಕೈ ನೋಯುವಷ್ಟು ಹೊತ್ತು ಕಾಯಬೇಕು. ಅಪ್ಪ ಆ ಒದ್ದೆಯನ್ನು ಮಾದರಿಯಲ್ಲಿ ಅಚ್ಚುಕಟ್ಟಾಗಿ ತಂದಿದ್ದಾರೆ. ಬಂಡೆಯ ಹಿಂದೆ ಕೊಳವೆ ಇದೆ ಎಂದು ಯಾರೂ ಹೇಳಲಾರರು. ಅಲ್ಲಿಂದ ಇಳಿದರೆ ಕಲ್ಲುಗಳ ನಡುವೆ ತೊರೆ, ಕಡಿದಾದ ಕಂದರ, ಆಮೇಲೆ ಜಲಪಾತ. ಬಿಳಿ ಸಿಮೆಂಟಿನಲ್ಲಿ ಮಡಿಕೆ ಮಡಿಕೆಯಾಗಿ ತೀಡಿದ ಆ ಬಂಡೆಯ ಮೇಲೆ ನೀರು ಬಿದ್ದಾಗ ನನಗೂ ಒಂದು ಕ್ಷಣ ತಣ್ಣಗಾಯಿತು. ಕಾಡು, ಕಮಾನಿನ ಹಳೇ ಸೇತುವೆ, ಬಣ್ಣಗಾರರ ಊರು. ಊರಿನ ಕಿಟಕಿಗಳಿಗೆ ಅಪ್ಪ ಬಾಗಿಲನ್ನೂ ಇಟ್ಟಿದ್ದಾರೆ, ಕೆಲವು ತೆರೆದಿವೆ, ಕೆಲವು ಮುಚ್ಚಿವೆ.

ಊರಾದ ಮೇಲೆ ದೊಡ್ಡ ತಿರುವು. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ.

ನಿಲ್ಲುತ್ತದೆ ಅಂದರೆ ನಿಂತೇ ಬಿಡುತ್ತದೆ. ಅಪ್ಪ ಬೆಟ್ಟವನ್ನು ಚಂದ ಮಾಡುವ ಹುಮ್ಮಸ್ಸಿನಲ್ಲಿ ಇದ್ದಬದ್ದ ಎತ್ತರವನ್ನೆಲ್ಲ ಅಲ್ಲೇ ಖರ್ಚು ಮಾಡಿದ್ದಾರೆ. ಬಯಲಿಗೆ ಬರುವ ಹೊತ್ತಿಗೆ ಇಳಿಯಲು ಏನೂ ಉಳಿದಿಲ್ಲ. ಮೊದಲ ದಿನ ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದಾಗ ಕಾವಲುಗಾರ, ಗುರುಗಳೇ ನಿಮ್ಮ ನದಿಗೆ ಊಟದ ಮೇಲಿನ ನಿದ್ದೆ ಬಂದಿದೆ ಅಂದ. ತಿರುವಿನಲ್ಲಿ ಯಾವ ನದಿಯಾದರೂ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ ಎಂದು ಅಪ್ಪ ಹೇಳಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎರಡನೇ ಸಲ ಕೊಳವೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಮುಂದೆ ಹೋಗುವ ಬದಲು ಹಿಂದಕ್ಕೆ ಬಂತು. ಬಣ್ಣಗಾರರ ಊರು ಮುಳುಗಿತು, ಒಣಗದೆ ಇದ್ದ ಸಂತೆಮಾಳ ಕರಗಿ ಹೋಯಿತು. ಅಪ್ಪ ಟವೆಲ್ಲಿನಿಂದ ಊರನ್ನು ಒರೆಸುತ್ತಿದ್ದರು. ನಗು ಬಂದರೂ ನಗಲಾಗಲಿಲ್ಲ.

ಇಷ್ಟು ಓದಿದ ಮೇಲೆ ನೀನು ಕೇಳುವುದು ಏನೆಂದು ಗೊತ್ತು. ರಸಮಟ್ಟ ಇಟ್ಟು, ಅದರ ಗುಳ್ಳೆ ಯಾವ ಕಡೆ ಸರಿಯುತ್ತದೆ ಎಂದು ನೋಡಲಿಲ್ಲವಾ ಅಂತ.

ಇಟ್ಟಿಲ್ಲ. ಯಾಕೆಂದರೆ ರಸಮಟ್ಟ ನಿನ್ನ ಹತ್ತಿರ ಇದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನೀನು ಮನೆ ಬಿಟ್ಟ ದಿನದಿಂದ ಅಪ್ಪ ಇನ್ನೊಂದನ್ನು ಕೊಂಡಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿರುತ್ತಾರೆ, ನಾನೇ ಒಂದು ತಂದುಕೊಟ್ಟೆ. ಅದನ್ನು ಹಾಗೇ ಕಪಾಟಿನ ಮೇಲಿಟ್ಟರು, ಬಿಚ್ಚಲೂ ಇಲ್ಲ. ಮನೆಯಲ್ಲಿ ಒಂದಿದೆಯಲ್ಲ ಅಂದರು. ಎಲ್ಲಿದೆ ಎಂದು ನಾನು ಕೇಳಲಿಲ್ಲ. ಈ ಐದು ವರ್ಷವೂ ಗೋಡೆ, ಕಂಬ, ಚಾವಣಿಯ ಹೂವು ಎಲ್ಲವನ್ನೂ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನ ಅಂದಾಜಿನಲ್ಲೇ ಮಾಡಿದ್ದಾರೆ. ಗೋಡೆ ಒಪ್ಪಿಕೊಂಡಿತು. ನೀರು ಒಪ್ಪಿಕೊಳ್ಳಲಿಲ್ಲ.

ಚಿಕ್ಕವಳಿದ್ದಾಗ ನಿಮ್ಮಿಬ್ಬರ ಜೊತೆ ಕೆಲಸದ ಮನೆಗಳಿಗೆ ಬರುತ್ತಿದ್ದದ್ದು ನನಗೆ ನೆನಪಿದೆ. ಅಪ್ಪ ಏಣಿಯ ಮೇಲೆ, ನೀನು ನೆಲದ ಮೇಲೆ. ನೆಲ ಮುಗಿದ ಮೇಲೆ ನೀನು ಮೋರಿಯಿಂದ ದೂರದ ಮೂಲೆಗೆ ಹೋಗಿ ಒಂದು ಚೊಂಬು ನೀರು ಸುರಿದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಕೊನೆಯ ಹನಿ ಮೋರಿ ಸೇರುವ ತನಕ ಊಟವಿಲ್ಲ. ನಾನು ನೀರಿನ ಹಿಂದೆಯೇ ತೆವಳುತ್ತಾ ಹೋಗುತ್ತಿದ್ದೆ. ನೆಲ ಸಪಾಟಾಗಿಯೇ ಕಾಣುತ್ತಿತ್ತು, ನೀರು ಮಾತ್ರ ಯಾರೋ ಕರೆದ ಹಾಗೆ ಹೋಗುತ್ತಿತ್ತು. ಹೇಗೆ ಎಂದು ಕೇಳಿದರೆ ನೀನು, ‘ನೀರು ಹೇಳಿದ ಮಾತು ಕೇಳಲ್ಲ ಪುಕ್ಕಲಿ, ವಾಟ ಕೊಟ್ರೆ ಕೇಳುತ್ತೆ’ ಅನ್ನುತ್ತಿದ್ದೆ. ಕಣ್ಣಿಗೆ ಕಾಣದ ಇಳಿಜಾರಿಗೆ ವಾಟ ಎಂಬ ಹೆಸರಿದೆ ಎಂದು ನಾನು ಕಲಿತದ್ದು ಹಾಗೆ. ಓದಿದ ಯಾವ ಪುಸ್ತಕದಲ್ಲೂ ಆ ಪದ ನನಗೆ ಮತ್ತೆ ಸಿಗಲಿಲ್ಲ.

ಡಾಕ್ಟರ ಮನೆಯ ತಾರಸಿಯ ಮಾತನ್ನು ಎತ್ತಬಾರದು ಎಂದುಕೊಂಡೇ ಕೂತಿದ್ದೆ. ಎತ್ತದೆ ಪತ್ರ ಮುಂದೆ ಹೋಗುತ್ತಿಲ್ಲ. ತಾರಸಿಯ ಅಂಚಿನ ಗೋಡೆಗೆ ಅಪ್ಪ ಬಳ್ಳಿ ತೀಡಿದ್ದರು. ನಿನ್ನ ವಾಟದಿಂದ ಬಳ್ಳಿ ಓರೆಯಾಗಿ ಕಾಣುತ್ತದೆ, ಸ್ವಲ್ಪ ಕಡಿಮೆ ಮಾಡು ಎಂದು ದುಂಬಾಲು ಬಿದ್ದವರು ಅವರೇ. ನೀನು ಬೇಡ ಬೇಡ ಅನ್ನುತ್ತಲೇ ಅವರ ಮಾತಿಗೆ ಕಟ್ಟುಬಿದ್ದು ಕಡಿಮೆ ಮಾಡಿದೆ. ಮಳೆ ಬಂತು. ನೀರು ನಿಂತು, ಇಂಗಿ, ಡಾಕ್ಟರ ಮಂಚದ ಮೇಲೆ ತೊಟ್ಟಿಕ್ಕಿತು. ಅವರು ಕೂಗಾಡಲು ಬಂದಾಗ ಬಾಗಿಲಲ್ಲಿ ನಿಂತಿದ್ದ ಅಪ್ಪ, ‘ನೆಲದ ಕೆಲಸ ನಂದಲ್ಲ ಸಾರ್, ಅವಳದು’ ಅಂದರು. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ನೀನು ಜಗಳವಾಡುತ್ತಿದ್ದೆ, ಮನೆ ಬಿಡುತ್ತಿರಲಿಲ್ಲ.

ಅಪ್ಪನನ್ನು ಕ್ಷಮಿಸು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದು ನಿಮ್ಮಿಬ್ಬರ ವ್ಯವಹಾರ, ನಾನು ನಡುವೆ ಬರುವುದಿಲ್ಲ. ನಾನು ಕರೆಯುತ್ತಿರುವುದು ನೆಲದ ಕೆಲಸದವಳನ್ನು.

ಬರುವ ತಿಂಗಳ ಮೊದಲ ಭಾನುವಾರ ಹಜಾರ ಜನರಿಗೆ ತೆರೆಯುತ್ತದೆ. ಮೇಡಂ ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದಾರೆ. ನೀರಿನ ಗೊಡವೆಯೇ ಬೇಡ, ಗಾಜಿನ ಹಾಗೆ ಗಟ್ಟಿಯಾಗುವ ನೀಲಿ ದ್ರವ ಸಿಗುತ್ತದೆ, ಉಗಮದಿಂದ ಸಂಗಮದವರೆಗೆ ಸುರಿದುಬಿಡೋಣ, ನೋಡಲು ನೀರಿನ ಹಾಗೇ ಇರುತ್ತದೆ ಎಂದು ಸಭೆಯಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಅಪ್ಪ ಬೆರಳಿನ ಸಂದಿಯ ಸಿಮೆಂಟು ಕೀಳುತ್ತಾ ಕೂತಿದ್ದರು. ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ಆಗ ಯಾರೋ, ‘ನಿಂತ ಮೇಲೆ ಅದು ನದಿ ಅಲ್ಲ ಮೇಡಂ, ಕೆರೆ’ ಅಂದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಅಂದದ್ದು ನಾನು ಎಂದು ಗೊತ್ತಾದದ್ದು. ಕಿವಿ ಬಿಸಿಯಾಯಿತು. ಆದರೂ ಮುಂದುವರಿಸಿದೆ. ನೀರು ಹರಿಯುತ್ತದೆ, ಹರಿಸುವವರು ನನಗೆ ಗೊತ್ತು, ಸ್ವಲ್ಪ ದಿನ ಕೊಡಿ ಅಂದೆ. ಕೊಟ್ಟಿದ್ದಾರೆ. ಬರುವ ಸೋಮವಾರ ಕೆಲಸ ಶುರುವಾಗದಿದ್ದರೆ ನೀಲಿ ದ್ರವ ತರಿಸುತ್ತಾರೆ.

ಸಂಗಮವನ್ನು ನೀನು ನೋಡಿಲ್ಲ ಅಲ್ಲವೇ? ನಾನು ನೋಡಿದೆ. ತಿರುವು ದಾಟಿದ ಮೇಲೆ ನದಿಗೆ ಅವಸರವೇ ಇಲ್ಲ. ಹೊಲಗಳ ಪಕ್ಕ, ಜೊಂಡಿನ ನಡುವೆ, ಹರಿಯುತ್ತಿದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟು ನಿಧಾನ. ಒಂದು ಎಲೆ ಹಾಕಿ ನೋಡಿದೆ. ಎಲೆ ಹೋಯಿತು. ಕೊನೆಗೆ ಆ ಕಡೆಯಿಂದ ದೊಡ್ಡ ನದಿ ಬರುತ್ತದೆ. ನಮ್ಮದು ಕೆಂಪು, ಅದು ಹಸಿರು. ಕೂಡಿದ ತಕ್ಷಣ ಬೆರೆಯುತ್ತವೆ ಎಂದುಕೊಂಡಿದ್ದೆ. ಇಲ್ಲ. ಒಂದೇ ಪಾತ್ರದಲ್ಲಿ ಮೈಗೆ ಮೈ ತಾಗಿಸಿಕೊಂಡು, ನಡುವೆ ಗೆರೆ ಎಳೆದ ಹಾಗೆ, ಬಹಳ ದೂರ ಎರಡು ಬಣ್ಣವಾಗಿಯೇ ಹೋಗುತ್ತವೆ. ದೋಣಿಯವನನ್ನು ಎಲ್ಲಿ ಬೆರೆಯುತ್ತವೆ ಎಂದು ಕೇಳಿದೆ. ‘ಬೆರೀತವೆ ಬಿಡಮ್ಮ, ಅವಕ್ಕೇನು ಬಸ್ ತಪ್ಪುತ್ತಾ?’ ಅಂದ.

ಇದಕ್ಕೆ ಬರೆದ ಫಲಕ ಮೇಜಿನ ಮೇಲಿದೆ. ನೀರು ಅಲ್ಲಿಗೆ ತಲುಪುವವರೆಗೆ ಅದನ್ನು ಗೋಡೆಗೆ ಹೊಡೆಯುವುದಿಲ್ಲ.

ತಿರುವಿನಿಂದ ಆಚೆ ಬಯಲು ಬಯಲಾಗಿಯೇ ಕಾಣಬೇಕು, ನೀರು ಮಾತ್ರ ಇಳಿಯುತ್ತಾ ಹೋಗಬೇಕು. ಕಣ್ಣಿಗೆ ಸಪಾಟು, ನೀರಿಗೆ ಇಳಿಜಾರು. ಇದು ಯಾರ ಕೈಯ ಕೆಲಸ ಎಂದು ನಾನು ನಿನಗೆ ಹೇಳಬೇಕೇ? ಕಟ್ಟಿದ್ದನ್ನು ಒಡೆಯಬೇಕೋ, ಮೇಲೆಯೇ ತಿದ್ದಿದರೆ ಸಾಕೋ, ನೀನೇ ಬಂದು ಹೇಳು. ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬಂದರೆ ನಿಲ್ದಾಣದಲ್ಲಿ ನಾನು ಇರುತ್ತೇನೆ. ಬರದಿದ್ದರೂ ಇರುತ್ತೇನೆ, ಸಂಜೆಯ ಕೊನೆಯ ಬಸ್ಸಿನ ತನಕ. ಉಳಿಯಲು ನನ್ನ ಬಾಡಿಗೆ ಕೋಣೆಯಿದೆ, ನೀನು ಆ ಮನೆಗೆ ಕಾಲಿಡಬೇಕಿಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ.

ಕಾಯುತ್ತಿರುವ,
ನಿನ್ನ ಪುಕ್ಕಲಿ

ತಾ.ಕ.: ಮೇಲೆ ಬರೆದದ್ದರಲ್ಲಿ ಎರಡು ಮಾತು ನಿಜವಲ್ಲ. ಒಡೆಯಬೇಕೋ ಬೇಡವೋ ಎಂದು ಕೇಳಿದೆನಲ್ಲ, ಆಗಲೇ ಒಡೆದಾಗಿದೆ. ಇವತ್ತು ಬೆಳಿಗ್ಗೆ ಅಪ್ಪನ ಚೀಲದಿಂದ ಸುತ್ತಿಗೆ ತೆಗೆದು ತಿರುವಿನಿಂದಲೇ ಶುರು ಮಾಡಿದೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನೀನು ಬಾರದೆ ಇದ್ದರೆ ನೀಲಿ ದ್ರವ ಸುರಿಯಲೂ ಈಗ ಕೆಳಗೆ ನೆಲವಿಲ್ಲ. ಸದ್ದು ಕೇಳಿ ಮೇಡಂ ಓಡಿ ಬಂದರು, ಹಿಂದೆಯೇ ಅಪ್ಪ. ಇದೇನು ಮಾಡಿದೆ ಎಂದು ನನ್ನನ್ನು ಗದರಿದ ಮೇಡಂ, ಇನ್ನು ಇದನ್ನು ಕಟ್ಟುವವರು ಯಾರು ಎಂದು ಅಪ್ಪನನ್ನೇ ಕೇಳಿದರು. ನಾನು ಅಪ್ಪನ ಮುಖ ನೋಡಲಿಲ್ಲ. ಅಮ್ಮನಿಗೆ ಬರೆಯುತ್ತೇನೆ ಎಂದಷ್ಟೇ ನೆಲಕ್ಕೆ ಹೇಳಿದೆ, ಹಾಗಾಗಿ ಪತ್ರದ ವಿಷಯ ಅಪ್ಪನಿಗೆ ಗೊತ್ತು. ಆಮೇಲೆ ಅಪ್ಪ, ‘ನೆಲದ ಕೆಲಸ ನಂದಲ್ಲ ಮೇಡಂ, ಅವಳದು’ ಅಂದರು. ಹೋಗಿ ಇನ್ನೊಂದು ಸುತ್ತಿಗೆ ತಂದು, ಸಂಗಮದ ಕಡೆಯಿಂದ ಒಡೆಯಲು ಶುರು ಮಾಡಿದರು.

ರಸಮಟ್ಟ ಮರೆಯಬೇಡ.